ಅವ್ವ ತಿಕ್ಕಿದ ಚಾರಾಣಿ

"ನನ್ನ ಚಾರಾಣಿ ವಾಪಸ್ ಕೊಡು," ಎಂದಳು ಕುಲಸುಮಬೀ. ಕೈ ಚಾಚಿಕೊಂಡೇ ನಿಂತಿದ್ದಳು.

"ಯಾಕ?" ಎಂದಳು ಶಿವಕಾಂತಾ.

"ಯಾಕಂತ ನಿನಗ ಗೊತ್ತಿಲ್ಲೇನು? ನಂದಕ್ಕ ನಾಕು ಮಾರ್ಕ್ಸ್, ನಿಂದಕ್ಕ ಒಂಬತ್ತು. ಪೇಪರ್ ಬರಿಯಾಕಿನೂ ನೀನೇ, ತಿದ್ದಾಕಿನೂ ನೀನೇ. ಭಾಳ ಛಲೋ ಅದ."

ಐದನೇ ಕ್ಲಾಸಿನ ಮಕ್ಕಳು ಬಿಸಿಯೂಟದ ತಟ್ಟೆ ಹಿಡಿದವರು ಹಿಡಿದ ಹಾಗೇ ನಿಂತರು. ಎದುರಿಗೆ ಜಗಳ ನಡೆದಿರುವಾಗ ಅನ್ನ ಸಾರು ಯಾರಿಗೆ ನೆನಪಿರುತ್ತದೆ?

ಸಂಗತಿ ಇಷ್ಟೇ. ಶನಿವಾರ ಬೀದರಿನಲ್ಲಿ ಶಾಲೆಗಳ ಪ್ರದರ್ಶನ. ಭಾಲ್ಕಿಯ ಈ ಶಾಲೆಯಿಂದ ಹಳೇ ನಾಣ್ಯಗಳ ಪೆಟ್ಟಿಗೆ ಹೋಗಬೇಕು. ಮನೆಯಲ್ಲಿ ಇದ್ದದ್ದನ್ನು ತನ್ನಿ ಎಂದಿದ್ದರು ಏಕನಾಥ ಸರ್. ಒಂದೇ ಬಗೆಯ ನಾಣ್ಯ ಎರಡು ಬಂದರೆ, ಯಾವುದು ಸವೆಯದೆ ಉಳಿದಿದೆಯೋ ಅದು ಮಾತ್ರ ಬೀದರಿಗೆ. ಅದಕ್ಕೇ ಪ್ರತಿ ನಾಣ್ಯಕ್ಕೂ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸ್ ಹಾಕಿ, ಪೊಟ್ಟಣದ ಮೇಲೆ ಚೀಟಿ ಅಂಟಿಸಬೇಕು. ಆ ಕೆಲಸ ಸಿಕ್ಕಿದ್ದು ಶಿವಕಾಂತಾಳಿಗೆ. ಬಿಸಿಯೂಟದ ಅಕ್ಕಿಯಲ್ಲಿ ಕಲ್ಲು ಮೊದಲು ಕಾಣುವುದು ಅವಳ ಕಣ್ಣಿಗೇ ಅಲ್ಲವೇ? ಸರ್ ಶಾಲೆಯ ಭೂತಗನ್ನಡಿಯನ್ನೂ ಅವಳ ಕೈಗೇ ಕೊಟ್ಟುಬಿಟ್ಟಿದ್ದರು.

ಚಾರಾಣಿ ಎಂದರೆ ನಿಜಾಮರ ಕಾಲದ ನಾಲ್ಕಾಣೆ. ಬೆಳ್ಳಿಯದು, ಸಣ್ಣದು, ಮೇಲೆ ಚಾರ್ಮಿನಾರಿನ ಚಿತ್ರ. ಅಂಥದ್ದು ಎರಡು ಬಂದಿದ್ದವು. ಶಿವಕಾಂತಾಳದ್ದು ಫಳಫಳ ಹೊಳೆಯುತ್ತಿತ್ತು. ಕುಲಸುಮಬೀಯದ್ದು ಸುಟ್ಟ ರೊಟ್ಟಿಯ ಹಾಗೆ ಕಪ್ಪಗಿತ್ತು.

"ನಿಂದು ಕರ್ರಗ ಅದ, ನಾ ಏನು ಮಾಡ್ಲಿ?" ಎಂದಳು ಶಿವಕಾಂತಾ.

"ಏನೂ ಮಾಡಬ್ಯಾಡ. ನಂದು ನನಗ ಕೊಡು."

ಕೊಟ್ಟಳು. ಅಷ್ಟಕ್ಕೆ ಮುಗಿಯಲಿಲ್ಲ. ದತ್ತಾತ್ರಿ ತಟ್ಟೆ ಕೆಳಗಿಟ್ಟು ಬಂದು, "ನನ್ನ ತೂತಿನ ಪೈಸಾನೂ ಕೊಡು," ಎಂದ. ಅವನ ಹಿಂದೆ ಇನ್ನೊಬ್ಬ, ಇನ್ನೊಬ್ಬಳು. ಊಟದ ಬಿಡುವು ಮುಗಿಯುವ ಹೊತ್ತಿಗೆ ಪೆಟ್ಟಿಗೆ ಅರ್ಧ ಖಾಲಿ. ಶಿವಕಾಂತಾ ತಟ್ಟೆ ಮುಟ್ಟಲೇ ಇಲ್ಲ.

ಏಕನಾಥ ಸರ್ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಮಾರ್ಕ್ಸ್ ಹಾಕೋರ ಮ್ಯಾಲೆ ನಂಬಿಗಿ ಇಲ್ಲಂದ್ರ ಈ ಪೆಟ್ಟಿಗಿ ಒಯ್ದು ಏನು ಮಾಡೋದು?" ಎಂದರು. "ಸಾಲಿ ಬಿಟ್ಟ ಮ್ಯಾಲೆ ಇಬ್ಬರೂ ಬಜಾರಕ್ಕ ಹೋಗ್ರಿ. ಗಡಿಯಾರ ರಿಪೇರಿ ಅಬ್ದುಲ ವಾಹೀದ ಚಾಚಾ ಅದಾರಲ್ಲ, ಅವರಿಗಿ ಹಳೇ ನಾಣ್ಯದ ಹುಚ್ಚು. ಅವರಿಗಿ ತೋರಸ್ರಿ. ಶಿವಕಾಂತಾ, ನಿನ್ನ ಮಾರ್ಕ್ಸ್ ತಪ್ಪಿದ್ರ ಭೂತಗನ್ನಡಿ ಬ್ಯಾರೆಯವರಿಗಿ ಕೊಡ್ತೇನಿ."

ದಿನಾ ಕೈ ಹಿಡಿದುಕೊಂಡು ಹೋಗುತ್ತಿದ್ದ ಇಬ್ಬರೂ ಅವತ್ತು ರಸ್ತೆಯ ಆ ಕಡೆಗೆ ಒಬ್ಬಳು, ಈ ಕಡೆಗೆ ಒಬ್ಬಳು ನಡೆದರು.

ಶಿವಕಾಂತಾ ಒಂದು ಮಾತು ಯಾರಿಗೂ ಹೇಳಿರಲಿಲ್ಲ. ಎಲ್ಲರ ನಾಣ್ಯಕ್ಕೂ ಭೂತಗನ್ನಡಿ ಹಿಡಿದಿದ್ದಳು, ತನ್ನದಕ್ಕೆ ಮಾತ್ರ ಹಿಡಿದಿರಲಿಲ್ಲ. ಹಿಡಿಯಬೇಕು ಅಂತ ಅನ್ನಿಸಲೇ ಇಲ್ಲ. ಅವ್ವ ಕೊಟ್ಟದ್ದು ಅದು.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಸಂಕ್ರಾಂತಿ ಆದ ಮೇಲೆ ಅಪ್ಪ ಅವ್ವ ಕಟ್ಟಡದ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಹೋದರು. ಮನೆಯಲ್ಲಿ ಉಳಿದವರು ಶಿವಕಾಂತಾ ಮತ್ತು ಆಯಿ, ಅಂದರೆ ಅವಳ ಅಜ್ಜಿ ಗುರಮ್ಮ. ಹೊರಡುವ ಮುಂಜಾನೆ ಅವ್ವ ಟ್ರಂಕಿನಿಂದ ಈ ಚಾರಾಣಿ ತೆಗೆದು, ಹಬ್ಬದ ಸಾಮಾನು ಬೆಳಗುವ ಹಾಗೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಳು. ಅರ್ಧ ತಂಬಿಗೆ ನೀರು ಸುರಿದು ತೊಳೆದಿದ್ದಳು. "ಟ್ಯಾಂಕರ್ ಬರೋದು ನಾಕು ದಿನಕ್ಕೊಮ್ಮಿ, ನೀ ರೊಕ್ಕಕ್ಕ ಸ್ನಾನ ಮಾಡಸ್ತೀದಿ," ಎಂದು ಆಯಿ ಬೈದರೂ ಕೇಳಲಿಲ್ಲ. "ತಗೋ, ಹೊಳಪು ನೋಡ್ಕೋತ ಇರು, ನಾ ಬಂದೇ ಬಿಡ್ತೇನಿ," ಎಂದು ಮಗಳ ಅಂಗೈಯಲ್ಲಿ ಇಟ್ಟಿದ್ದಳು. ಈಗ ಹೇಳಿ, ಅದಕ್ಕೆ ಒಂಬತ್ತಕ್ಕಿಂತ ಕಡಿಮೆ ಹ್ಯಾಗೆ ಹಾಕುವುದು?

ವಾಹೀದ ಚಾಚಾರ ಅಂಗಡಿ ಒಂದು ಕಪಾಟಿನಷ್ಟು ಅಗಲ. ಒಂದು ಕಣ್ಣಿಗೆ ಗಡಿಯಾರದೊಳಗೆ ನೋಡುವ ಗಾಜು ಸಿಕ್ಕಿಸಿಕೊಂಡು ಕೂತಿದ್ದರು. ಹುಡುಗಿಯರ ಮಾತು ಪೂರ್ತಿ ಕೇಳಿ ಗಾಜು ತೆಗೆದಿಟ್ಟರು.

"ಇಷ್ಟೇನ? ಕೊಡ್ರಿ ಇಲ್ಲಿ. ಯಾವುದು ಯಾರದು ಅಂತ ಮಾತ್ರ ನನಗ ಹೇಳಬ್ಯಾಡ್ರಿ."

ಎರಡೂ ನಾಣ್ಯ ತೆಗೆದುಕೊಂಡು ಅವರಿಗೆ ಬೆನ್ನು ಮಾಡಿ ಕೂತರು. ಹಾಳೆ ಹರಿದ ಸದ್ದು. ಆಮೇಲೆ ಪೆನ್ಸಿಲ್ ಗಸಗಸ ಉಜ್ಜುವ ಸದ್ದು. ಇದೇನು ಎಂದು ಶಿವಕಾಂತಾ ಬಗ್ಗಿ ನೋಡಲು ಹೋದಳು. "ಹೂಂ, ಹಿಂದಕ್ಕ ಸರಿ," ಎಂದರು ಚಾಚಾ.

ತಿರುಗಿದಾಗ ಅವರ ಕೈಯಲ್ಲಿ ಎರಡು ತುಂಡು ಹಾಳೆ ಇದ್ದವು. ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದರೆ ಚಿತ್ರ ಮೂಡುತ್ತದಲ್ಲ, ನೀವೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಮಾಡಿರುತ್ತೀರಿ, ಅದೇ. ಹೊಳಪೂ ಇಲ್ಲ, ಕಪ್ಪೂ ಇಲ್ಲ. ಬರೀ ಪೆನ್ಸಿಲ್ ಚಿತ್ರ.

"ನೀನೇ ಅಲ್ಲ ಮಾರ್ಕ್ಸ್ ಹಾಕಾಕಿ? ಹಾಕು ಈಗ," ಎಂದರು.

ಶಿವಕಾಂತಾ ಭೂತಗನ್ನಡಿ ಹಿಡಿದು ಕೂತಳು. ಒಂದು ಚಿತ್ರದಲ್ಲಿ ನಾಲ್ಕೂ ಮಿನಾರು ಬೇರೆ ಬೇರೆಯಾಗಿ ನಿಂತಿದ್ದವು. ನಡುವಿನ ಬಾಗಿಲೊಳಗೆ ಒಂದು ಪುಟ್ಟ ಉರ್ದು ಅಕ್ಷರವೂ ಕಾಣುತ್ತಿತ್ತು. ಇನ್ನೊಂದರಲ್ಲಿ ಮಿನಾರುಗಳು ನೆನೆದ ಬಿಸ್ಕತ್ತಿನ ಹಾಗೆ ಕರಗಿದ್ದವು. ಬಾಗಿಲು ಖಾಲಿ. ನೋಡುತ್ತ ನೋಡುತ್ತ ಅವಳಿಗೆ ಜಗಳವೇ ಮರೆತುಹೋಯಿತು. ಈ ಕೆಲಸ ಅವಳಿಗೆ ಅಷ್ಟು ಇಷ್ಟ.

"ಇದಕ್ಕ ಎಂಟು ರೀ. ಇದಕ್ಕ ಮೂರು. ಮೂರೂ ಜಾಸ್ತಿನೇ ಆತು."

"ಪಕ್ಕಾ?"

"ಪಕ್ಕಾರಿ."

ಚಾಚಾ ಎರಡೂ ಹಾಳೆ ತಿರುವಿದರು. ಯಾವ ಚಿತ್ರ ಯಾವ ನಾಣ್ಯದ್ದು ಎಂದು ಹಿಂದೆ ಬರೆದಿಟ್ಟಿದ್ದರು. ಎಂಟರ ಹಿಂದೆ 'ಕಪ್ಪು' ಎಂದಿತ್ತು. ಮೂರರ ಹಿಂದೆ 'ಬಿಳಿ'.

ಶಿವಕಾಂತಾಳ ಕಿವಿ ಬಿಸಿಯಾದವು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಯಾರೋ ಬೂದಿ ಹಚ್ಚಿ ತಿಕ್ಯಾರ," ಎಂದರು ಚಾಚಾ ಮೆಲ್ಲಗೆ. "ಹೊಳಪು ಬರ್ತದ, ಗೆರಿ ಹೋಗ್ತಾವ."

"ನಮ್ಮವ್ವ ತಿಕ್ಯಾಳ್ರಿ," ಎಂದಳು ಶಿವಕಾಂತಾ. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿಬಿಟ್ಟವು.

ಕುಲಸುಮಬೀಗೆ ಗೆದ್ದ ಖುಷಿ ಬರಬೇಕಿತ್ತು, ಬರಲಿಲ್ಲ. ಶಿವಕಾಂತಾಳ ಅವ್ವ ಊರಲ್ಲಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನಮ್ಮ ದಾದಿಯೇನು ಜೋಪಾನ ಮಾಡಿ ಇಟ್ಟಿರಲಿಲ್ಲ ಬಿಡು," ಎಂದಳು ಕುಲಸುಮಬೀ, ತನ್ನ ಅಜ್ಜಿಯ ಮಾತೆತ್ತಿ. "ಹಳೇ ಸೀರಿ ಗಂಟಿನ್ಯಾಗ ಕಟ್ಟಿ ಮರತುಬಿಟ್ಟಿದ್ಲು. ಅದಕ್ಕೇ ಉಳದದ." ಆಮೇಲೆ ಚಾಚಾರ ಕಡೆ ತಿರುಗಿ, "ನೀವಾದ್ರ ನಂದಕ್ಕ ಎಷ್ಟು ಹಾಕ್ತಿದ್ರಿ?" ಎಂದು ಕೇಳಿದಳು.

"ಏಳು."

"ಅಕಿ ಎಂಟು ಅಂದ್ಲಲ್ಲರಿ. ಯಾವುದು ಖರೇ?"

"ಎರಡೂ ಖರೇ. ಕಣ್ಣಿಂದ ನೋಡೋದಮ್ಮಾ, ತಕ್ಕಡೀಲಿ ತೂಗೋದಲ್ಲ. ನಾಳಿ ನನಗೂ ಎಂಟು ಅನ್ನಿಸಬಹುದು." ಚಾಚಾ ನಕ್ಕರು. "ಏಳಕ್ಕೂ ಎಂಟಕ್ಕೂ ಯಾರೂ ಜಗಳಾ ಆಡಂಗಿಲ್ಲ. ಒಂಬತ್ತಕ್ಕೂ ಮೂರಕ್ಕೂ ಆಡ್ತಾರ."

ಶಿವಕಾಂತಾ ಮೂಗು ಒರೆಸಿಕೊಂಡಳು. ತನ್ನ ಪೊಟ್ಟಣದ ಮೇಲಿನ ಒಂಬತ್ತರ ಚೀಟಿ ಉಗುರಿನಿಂದ ಕಿತ್ತಳು. ಅರ್ಧ ಬಂತು, ಅರ್ಧ ಬರಲಿಲ್ಲ. ಅದರ ಮೇಲೇ ಹೊಸ ಚೀಟಿ ಅಂಟಿಸಿ, ದೊಡ್ಡದಾಗಿ ಮೂರು ಬರೆದಳು.

ಮರುದಿನ ಕ್ಲಾಸಿನಲ್ಲಿ ಭೂತಗನ್ನಡಿಯನ್ನೂ ತನ್ನ ಪೊಟ್ಟಣವನ್ನೂ ಸರ್ ಟೇಬಲ್ ಮೇಲೆ ಇಟ್ಟು, "ನಂದು ತಪ್ಪಿತ್ತರಿ," ಎಂದಳು. ಸರ್ ಆ ಪೊಟ್ಟಣ ನೋಡಿದರು, ಅವಳ ಮುಖ ನೋಡಿದರು. ಏನಾದರೂ ಹೇಳುವ ಮೊದಲೇ ಕುಲಸುಮಬೀ ಎದ್ದು ಬಂದು ತನ್ನ ಕಪ್ಪು ಚಾರಾಣಿಯನ್ನು ಪೆಟ್ಟಿಗೆಯಲ್ಲಿಟ್ಟಳು.

"ಏ ದತ್ತಾತ್ರಿ, ನಿಂದೂ ತಾ," ಎಂದಳು. "ಅಕಿ ತನ್ನದಕ್ಕೇ ಮೂರು ಹಾಕ್ಯಾಳ, ನಿಂದಕ್ಕ ಮೋಸ ಮಾಡ್ತಾಳೇನು?"

ದತ್ತಾತ್ರಿ ಒಂದಿಷ್ಟು ಹೊತ್ತು ತಲೆ ಕೆರೆದುಕೊಂಡ. ಆಮೇಲೆ ಕಿಸೆಯಿಂದ ತೂತಿನ ಪೈಸೆ ತೆಗೆದು, ಸರ್ ಕೈಗಲ್ಲ, ಶಿವಕಾಂತಾಳ ಕೈಗೇ ಕೊಟ್ಟ. "ಇನ್ನೊಮ್ಮಿ ನೋಡಿ ಹಾಕು," ಎಂದ. ಸರ್ ಭೂತಗನ್ನಡಿಯನ್ನು ಅವಳ ಕಡೆಗೆ ಸರಿಸಿದರು. ನಿನ್ನೆಯಿಂದ ಎದೆ ಮೇಲೆ ಕೂತಿದ್ದ ಭಾರ ಅಲ್ಲೇ ಇಳಿದುಹೋಯಿತು. ಅವಳಿಗೆ ಹಸಿವೆಯೂ ಆಯಿತು, ನಿನ್ನೆ ಉಂಡಿರಲಿಲ್ಲ.

ಸಂಜೆ ಆಯಿಯ ಫೋನಿಗೆ ಅವ್ವನ ಫೋನ್ ಬಂತು. ಹಿಂದೆ ಸಿಮೆಂಟ್ ಕಲೆಸುವ ಮಷಿನ್ ಗಡಗಡ ಅನ್ನುತ್ತಿತ್ತು.

"ಬೀದರಿಗೆ ಹೋಗ್ತದೇನು ನಮ್ಮ ಚಾರಾಣಿ?"

"ಇಲ್ಲವ್ವ. ಕುಲಸುಮಂದು ಹೋಗ್ತದ. ನಮ್ಮದಕ್ಕ ಮೂರೇ ಮಾರ್ಕ್ಸ್."

"ಮೂರ? ಯಾರು ಹಾಕಿದವರು?"

"ನಾನೇ."

ಅವ್ವ ಸಣ್ಣ ದನಿಯಲ್ಲಿ, "ನಾ ತಿಕ್ಕಿ ಕೆಡಿಸಿದ್ನೇನು?" ಎಂದಳು.

ಈ ಪ್ರಶ್ನೆಗೇ ಶಿವಕಾಂತಾ ಮುಂಜಾನೆಯಿಂದ ಹೆದರಿದ್ದಳು. ಚಾರಾಣಿ ಹಿಡಿದು ಮುಚ್ಚಿದ್ದ ಮುಷ್ಟಿ ಬಿಚ್ಚಿ ನೋಡಿದಳು.

"ಇಲ್ಲವ್ವ. ಪಾಸ್ ಆಗಿದ್ರ ಬೀದರಿಗೆ ಹೋಗ್ತಿತ್ತು. ಫೇಲ್ ಆಗೇದಲ್ಲ, ಅದಕ್ಕ ನನ್ನ ಹತ್ರನೇ ಉಳೀತು."

ಅವ್ವ ನಕ್ಕಳು. ಮಷಿನ್ ಸದ್ದಿನಲ್ಲೂ ಆ ನಗು ಪೂರ್ತಿ ಕೇಳಿಸಿತು.

ಫೋನ್ ಇಟ್ಟ ಮೇಲೆ ಶಿವಕಾಂತಾ ಹೊಸ್ತಿಲಲ್ಲಿ ಕೂತು, ಮೊದಲ ಸಲ ತನ್ನ ಚಾರಾಣಿಗೆ ಭೂತಗನ್ನಡಿ ಹಿಡಿದಳು. ಬಾಗಿಲಲ್ಲಿ ಅಕ್ಷರ ಇರಲಿಲ್ಲ. ಅದರ ಬದಲು ಕೂದಲಿಗಿಂತ ಸಣ್ಣ ಗೆರೆಗಳು ಕಂಡವು. ಎಲ್ಲವೂ ಗುಂಡಗೆ, ಒಂದೇ ಕಡೆ ಸುತ್ತಿದ್ದವು. ಅವ್ವ ತಂಬಿಗೆ ತಿಕ್ಕುವುದೂ ಹಾಗೇ.