ಹಿಮ ಬೀಳುವ ಮುನ್ನ ಬಂದವನು

"ಕೈ ತೆಗೀರಿ! ನನ್ನ ಗಿಡ ಮುಟ್ಟಬೇಡಿ!"

ನರ್ಸರಿಯವಳ ಕೂಗಿಗೆ ಅವನು ತಿರುಗಿದ. ನಿಂಬೆ ಸಸಿಗಳಿಗೆ ಅವಳು ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಅವನ ಕೈಯಲ್ಲಿತ್ತು.

ಕೀಟದ ಸಾಹೇಬ! ನರ್ಸರಿಗಳ ತಪಾಸಣೆ ಮಾಡುವ ಅಧಿಕಾರಿ. ಹೋದ ವರ್ಷ ಕಾಂಡ ಕೊರೆಯುವ ಹುಳ ಬಿದ್ದಿದೆಯೆಂದು, ಅಪ್ಪ ಇಪ್ಪತ್ತು ವರ್ಷ ಸಾಕಿದ, ಸಸಿಗಳಿಗೆ ಬೀಜ ಕೊಡುತ್ತಿದ್ದ ತಾಯಿಮರಗಳನ್ನು ಕಡಿಸಿ ಸುಡಿಸಿದವನು. ಅಂದಿನಿಂದ ಅಪ್ಪ ತೋಟಕ್ಕೆ ಇಳಿದೇ ಇರಲಿಲ್ಲ.

ಸಂಜೆಯ ಗಾಳಿ ಸತ್ತಂತೆ ನಿಂತಿತ್ತು. ಆಕಾಶದಲ್ಲಿ ಒಂದು ಚೂರು ಮೋಡವೂ ಇಲ್ಲ. ಇಂಥ ಸಂಜೆಯ ಬೆನ್ನಿಗೇ ಹಿಮ ಬೀಳುವುದು...

"ಎಚ್ಚರಿಕೆ ಕೊಡೋಣ ಅಂತ ಬಂದೆ. ಪ್ಲಾಸ್ಟಿಕ್ ಎಲೆಗೆ ಅಂಟ್ಕೊಂಡಿದೆ ರೀ. ತಾಗಿದ ಕಡೆಯೆಲ್ಲ ಬೆಳಿಗ್ಗೆ ಹೊತ್ತಿಗೆ ಹಿಮಕ್ಕೆ ಸುಟ್ಟುಹೋಗುತ್ತೆ. ಕೋಲು ನೆಟ್ಟು ಮೇಲೆ ಬಟ್ಟೆ ಹೊದಿಸಬೇಕು."

"ಸುಡೋದು ನಿಮಗೆ ಚೆನ್ನಾಗಿ ಗೊತ್ತಲ್ವಾ? ಹೊರಡಿ!"

ಅವನ ಮುಖ ಬಾಡಿತು. ಪ್ಲಾಸ್ಟಿಕ್ ಹಾಳೆಯನ್ನು ಕೆಳಗಿಟ್ಟು ಹೊರಟುಹೋದ.

ಒಂದು ಸಾಲಿಗೆ ಅವನು ಆಗಲೇ ಕೋಲು ನೆಟ್ಟು, ತಾನು ತಂದಿದ್ದ ಹಳೆಯ ಬೆಡ್‌ಶೀಟು ಹೊದಿಸಿ ಮುಗಿಸಿದ್ದ. ಅದನ್ನು ಕಿತ್ತೊಗೆಯಲು ಅವಳಿಗೆ ಪುರುಸೊತ್ತಿರಲಿಲ್ಲ. ಹಠಕ್ಕೆ ಬಿದ್ದು ಉಳಿದ ಸಾಲುಗಳಿಗೆ ಪ್ಲಾಸ್ಟಿಕ್ಕನ್ನೇ ಎಳೆದಳು.

ಬೆಳಿಗ್ಗೆ ಅವಳು ಬಾಗಿಲು ತೆರೆದಳು. ಹುಲ್ಲೆಲ್ಲ ಬಿಳಿ. ಒಂದು ಹಕ್ಕಿಯ ಸದ್ದೂ ಇಲ್ಲ. ಪ್ಲಾಸ್ಟಿಕ್ ಎತ್ತಿದರೆ... ಕುಡಿಗಳೆಲ್ಲ ಬೇಯಿಸಿದಂತೆ ಕಪ್ಪು! ಬೆಡ್‌ಶೀಟಿನಡಿಯ ಒಂದೇ ಸಾಲು ಹಸಿರಾಗಿತ್ತು.

ಅವಳು ಸುಟ್ಟ ಕುಡಿಯೊಂದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿದಳು. ಹಿಂದೆ ಹೆಜ್ಜೆ ಸಪ್ಪಳ. ವರ್ಷದ ನಂತರ ಅಪ್ಪ ತೋಟಕ್ಕೆ ಇಳಿದಿದ್ದ.

"ಮಗಳೇ... ಮರಕ್ಕೆ ಹುಳ ಬಿದ್ದಿದ್ದು ನನಗೆ ಮೊದಲೇ ಗೊತ್ತಿತ್ತಮ್ಮ. ಮುಚ್ಚಿಟ್ಟು ಸಸಿ ಮಾರ್ತಿದ್ದೆ. ಆ ಸಾಹೇಬ ಮನಸ್ಸು ಮಾಡಿ ವರದಿ ಬರೆದಿದ್ರೆ ನಮ್ಮ ಲೈಸೆನ್ಸೇ ಹೋಗ್ತಿತ್ತು. 'ನನ್ನ ಮಗಳಿಗೆ ಹೇಳಬೇಡಪ್ಪಾ' ಅಂತ ಕೈ ಮುಗಿದೆ. ನಿನ್ನ ಬೈಗುಳ ಎಲ್ಲಾ ಅವನೇ ತಿಂದ."

ಛೇ! ಏನು ಮಾಡಿಬಿಟ್ಟೆ ನಾನು?

ಅವಳು ಸಾಹೇಬನ ಆಫೀಸಿಗೆ ಓಡಿದಳು. ಸೀಸೆಗಳಲ್ಲಿ ಸತ್ತ ಹುಳುಗಳಿದ್ದ ಆ ತಣ್ಣನೆಯ ಕೋಣೆಯಲ್ಲಿ ಅವನೊಬ್ಬನೇ ಇದ್ದ.

"ಯಾಕ್ರೀ ಒಂದು ಮಾತೂ ಹೇಳಲಿಲ್ಲ?"

"ಹೇಳಿದ್ರೆ ಅಪ್ಪನ್ನ ದ್ವೇಷಿಸ್ತಿದ್ರಿ. ನನ್ನನ್ನ ದ್ವೇಷಿಸಿದ್ರೆ ಪರವಾಗಿಲ್ಲ ಅಂದ್ಕೊಂಡೆ..." ಅವನ ದನಿ ತಗ್ಗಿತು. "ಆದ್ರೆ ನಿನ್ನೆ ತುಂಬಾ ನೋವಾಯ್ತು."

ಅವಳ ಕಣ್ಣು ತುಂಬಿತು. "ಒಂದೇ ಸಾಲು ಉಳಿದಿದೆ."

"ಇನ್ನೂ ಮೂರು ದಿನ ಹಿಮ ಇದೆ. ಅದೂ ಉಳಿಯುತ್ತೆ ಅಂತ ಮಾತು ಕೊಡಲಾರೆ."

"ಉಳೀದಿದ್ರೆ?"

"ಮತ್ತೆ ಬೀಜ ಹಾಕೋಣ."

"ಹಾಕೋಣ ಅಂದ್ರೆ... ಯಾರ್ಯಾರು?"

"ನೀವು ಒಪ್ಪಿದ್ರೆ... ಇಬ್ಬರೂ."

ಅವಳು ಚಳಿಗೆ ತಣ್ಣಗಾಗಿದ್ದ ಅವನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಮುಚ್ಚಿಕೊಂಡಳು.

"ಇನ್ನೂ 'ನೀವು' ಅಂತೀಯಲ್ಲೋ!"