ಏಳು ಸಲ ಅಳೆದ ಕಿಟಕಿ

ಬಾಗಿಲು ತೆರೆದಾಗ ಮೊದಲು ಕಂಡದ್ದು ಅವನ ಮುಖವಲ್ಲ, ಮೊಣಕೈ. ಬೂದು ಸ್ವೆಟರಿನಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಹರಿದ ಬಟ್ಟೆ ಹಿಡಿದವರ ಹೊರತು ಇನ್ಯಾರೂ ನನ್ನ ಬಾಗಿಲು ತಟ್ಟುವುದಿಲ್ಲವಾದ್ದರಿಂದ, ಮುಖ ನೋಡುವ ಗೋಜಿಗೆ ಹೋಗದೆ, "ಬಿಚ್ಚಿ ಕೊಡಿ, ಗುರುವಾರ ಬನ್ನಿ" ಎಂದೆ.

ಅವನು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ತಾನು ಯೋಜನಾ ಕಚೇರಿಯ ಸರ್ವೇಯರ್, ಎದುರಿನ ಅಪಾರ್ಟ್‌ಮೆಂಟ್ ಕೆಡವಿ ಹೊಸದು ಕಟ್ಟುವ ವಿಚಾರವಾಗಿ ಈ ಕಡೆಯ ಮನೆಗಳಿಗೆ ಬೀಳುವ ಬೆಳಕನ್ನು ಅಳೆಯಲು ಬಂದವನು ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೊರಳಿನ ಗುರುತಿನ ಚೀಟಿಯನ್ನು ಮುಂದೆ ಹಿಡಿದ. ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅವನು ಒಳಗೆ ಬಂದು, ಮೀಟರ್ ಹಿಡಿದು ಕಿಟಕಿಯ ಮುಂದೆ ನಿಂತಾಗ ಆ ಸಿಟ್ಟಿಗೆ ದಾರಿ ಸಿಕ್ಕಿತು.

"ಅಳೆಯೋಕೆ ಬಂದಿರೋ ಬೆಳಕಿಗೆ ನೀವೇ ಅಡ್ಡ ನಿಂತ್ರೆ ಹೇಗೆ? ಪಕ್ಕಕ್ಕೆ ಸರೀರಿ."

ಅವನು ಸರಿದ. ಸರಿಯುವಾಗ ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಉಳಿದ ಮುಖ ಸರ್ಕಾರಿ ಕೆಲಸದಲ್ಲೇ ಇತ್ತು. ನಾನು ಮನಸ್ಸಿನಲ್ಲೇ ಅವನಿಗೆ ಮೀಟರ್ ಮಹಾಶಯ ಎಂದು ಹೆಸರಿಟ್ಟೆ. ಎದುರಿಗೆ ನೀವು, ತಾವು ಎಂದರೂ ಮನಸ್ಸಿನಲ್ಲಿ ಮೊದಲ ದಿನದಿಂದಲೇ ಏಕವಚನ.

ನನ್ನದು ರಫು ಕೆಲಸ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ಹರಿದದ್ದೇ ಗೊತ್ತಾಗದಂತೆ ಹೆಣೆಯುವುದು. ಟ್ಯೂಬ್‌ಲೈಟಿನಲ್ಲಿ ಕಪ್ಪೂ ಕಡುನೀಲಿಯೂ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಎಂದು ತಿಳಿಯುವುದು ಬಿಸಿಲಿನಲ್ಲಿ ಮಾತ್ರ. ಕೆಲಸ ಕಲಿಸಿದ ಚಿಕ್ಕಮ್ಮ ಈ ಕಿಟಕಿಯ ಬಳಿ ಮೂವತ್ತು ವರ್ಷ ಕೂತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಅವಳ ಕುರ್ಚಿಯಲ್ಲಿ ಈಗ ಯಾರ್ಯಾರದೋ ಕೋಟು, ಪ್ಯಾಂಟು ಕೂರುತ್ತವೆ. ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಬಾರದು ಎನ್ನುವ ಕಸುಬು ನಮ್ಮದು. ಹಾಗೆ ಮಾಡುತ್ತಾ ಮಾಡುತ್ತಾ ಮಾಡುವವಳೂ ಕಾಣದಂತಾದಳೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಕೆಲವು ದಿನ ನನ್ನ ದನಿ ನನಗೇ ಕೇಳುತ್ತಿದ್ದದ್ದು ಸೂಜಿ ಚುಚ್ಚಿಕೊಂಡಾಗ ಮಾತ್ರ.

ಎದುರಿನ ನಾಲ್ಕು ಮಹಡಿಯ ಜಾಗದಲ್ಲಿ ಹದಿನಾಲ್ಕು ಮಹಡಿ ಏಳುವುದರಲ್ಲಿತ್ತು. ನಮ್ಮ ರಸ್ತೆ ಸೇರಿರುವ ವಲಯದಲ್ಲಿ ಅಷ್ಟೆತ್ತರಕ್ಕೆ ಅವಕಾಶವಿಲ್ಲ. ಹಾಗಾಗಿ ವಲಯವನ್ನೇ ಬದಲಿಸಲು ಹೊರಟಿದ್ದರು. ಅದಕ್ಕೆ ಮುಂಚೆ ಸಾರ್ವಜನಿಕ ಸಭೆ ಕರೆದು ಅಕ್ಕಪಕ್ಕದವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಆ ಸಭೆಯ ಮುಂದಿಡುವ ಬೆಳಕಿನ ವರದಿ ಅವನದು. ನನ್ನ ಕಿಟಕಿಗೆ ದಿನಕ್ಕೆ ನಾಲ್ಕು ಗಂಟೆ ಬಿಸಿಲು, ಕಟ್ಟಿದ ಮೇಲೆ ಉಳಿಯುವುದು ಮೂವತ್ತೈದು ನಿಮಿಷ ಎಂದು ಲೆಕ್ಕ ಹಾಕಿ ಹೇಳಿದ. ಮೂವತ್ತೈದು ನಿಮಿಷದಲ್ಲಿ ಒಂದು ತೋಳೂ ಮುಗಿಯುವುದಿಲ್ಲ ಎಂದೆ. ಅವನು ತಲೆಯೆತ್ತಿ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಆ ಮಾತನ್ನೂ ಬರೆದುಕೊಂಡ. ಅಂದರೆ ನನ್ನ ಕಿಟಕಿಯ ಪರವಾಗಿ ಮಾತಾಡಲಿದ್ದದ್ದು ಆ ಒಂದು ಕಾಗದ.

ಮುಂದಿನ ವಾರ ಮತ್ತೆ ಬಂದ. ಹೋದ ಸಲ ಮೋಡ ಇತ್ತು, ಇನ್ನೊಮ್ಮೆ ಅಳೆಯಬೇಕು ಎಂದ. ಹೋದ ಸಲ ಬಿಸಿಲು ಹೇಗಿತ್ತೆಂದರೆ ಒಣಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗಿತ್ತು. ನಾನು ಬಾಗಿಲು ಪೂರ್ತಿ ತೆರೆದೆ.

ಮೂರನೇ ವಾರವೂ ಮೋಡ. ನಾಲ್ಕನೇ ವಾರ ಅವನೇ ಕುರ್ಚಿಯ ಮೇಲಿನ ಬಟ್ಟೆಗಳನ್ನು ಎತ್ತಿ ಮಂಚದ ಮೇಲಿಟ್ಟು, ಕೂರಬಹುದಾ ಎಂದು ಕೇಳಿದ. ಎರಡು ವರ್ಷದ ಮೇಲೆ ಆ ಕುರ್ಚಿ ಕಿರ್ ಎಂದ ಸದ್ದಿಗೆ ನನ್ನ ಕೈಯ ಸೂಜಿ ನಿಂತುಬಿಟ್ಟಿತು. ಟೀ ಮಾಡಲು ಒಳಗೆ ಹೋಗಿ, ಕಣ್ಣು ಒರೆಸಿಕೊಂಡು, ಎರಡನೇ ಲೋಟ ಹುಡುಕಿದೆ. ಅದು ಕಪಾಟಿನ ತೀರಾ ಹಿಂದಕ್ಕೆ ಸರಿದಿತ್ತು.

ಅವನಿಗೂ ಮನೆಯಲ್ಲಿ ಕಾಯುವವರಿರಲಿಲ್ಲ. ಮದುವೆಯಾಗಿತ್ತಂತೆ, ಬಹಳ ಹಿಂದೆ. ಜಗಳವೂ ಇಲ್ಲದೆ ಮುಗಿಯಿತಂತೆ. ತನ್ನ ಬಾಡಿಗೆ ಕೋಣೆಯ ಕಿಟಕಿ ತೆಗೆದರೆ ಕೈಗೆ ಪಕ್ಕದ ಕಟ್ಟಡದ ಗೋಡೆ ಸಿಗುತ್ತದೆ, ಹಗಲಲ್ಲೂ ದೀಪ ಹಾಕಿಕೊಂಡೇ ಶೇವ್ ಮಾಡಿಕೊಳ್ಳುತ್ತೇನೆ ಎಂದು ನಗುತ್ತಾ ಹೇಳಿದ. ಊರಿನ ಬೆಳಕನ್ನೆಲ್ಲ ಅಳೆಯುವವನ ಪಾಡು ಇದು. ನನಗೆ ನಗು ಬರಲಿಲ್ಲ.

ಐದನೇ ವಾರ ಅವನು ಬಹಳ ಗಂಭೀರವಾಗಿ ಕಿಟಕಿಗೆ ಮೀಟರ್ ಹಿಡಿದು ನಿಂತಿದ್ದ. ನಾನು ಎಳೆ ಕಚ್ಚಿ ತುಂಡುಮಾಡುತ್ತಾ, ಅದನ್ನು ಆನ್ ಮಾಡುವ ಪದ್ಧತಿ ಇಲ್ಲವೇ ಎಂದು ಕೇಳಿದೆ. ಅವನು ಮೀಟರನ್ನು ನೋಡಿದ, ನನ್ನನ್ನು ನೋಡಿದ. ಕಿವಿಯ ತುದಿಗಳು ಕೆಂಪಾದವು. ಆ ಕೆಂಪನ್ನು ನಾನು ಬಿಸಿಲಿನಲ್ಲಿ ಸರಿಯಾಗಿಯೇ ನೋಡಿದೆ. ಬಣ್ಣದ ವಿಷಯದಲ್ಲಿ ನಾನು ಮೋಸ ಹೋಗುವವಳಲ್ಲ.

ಆರನೇ ವಾರ ಕೇಳದೆಯೇ ಸ್ವೆಟರ್ ಬಿಚ್ಚಿ ಕೊಟ್ಟ. ಏಳನೇ ವಾರ ಅದು ಇನ್ನೂ ಆಗಿಲ್ಲ ಎಂದೆ. ಅವನು, ವರದಿ ನಾಳೆ ಒಪ್ಪಿಸಬೇಕು, ಇನ್ನು ಅಳೆಯುವುದು ಏನೂ ಇಲ್ಲ ಎಂದ. ಬಾಗಿಲ ಬಳಿ ನಾವಿಬ್ಬರೂ ಬಹಳ ಹೊತ್ತು ನಿಂತೆವು. ಏನಾದರೂ ಹೇಳುತ್ತಾನೆಂದು ನಾನು, ನಾನು ಹೇಳಲೆಂದು ಅವನು. ಕೊನೆಗೆ ಅವನು ಮೆಟ್ಟಿಲಿಳಿದು ಹೋದ. ನಾನು ಒಳಗೆ ಬಂದು, ಚಿಕ್ಕಮ್ಮನ ಕುರ್ಚಿಯ ಮೇಲೆ ಬಟ್ಟೆಗಳನ್ನು ಮತ್ತೆ ಇಡಲಾಗದೆ ನೆಲದ ಮೇಲೇ ಬಿಟ್ಟೆ.

ಸಭೆ ನಡೆದದ್ದು ಶಾಲೆಯ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ. ಒಬ್ಬರಿಗೆ ಒಂದೇ ಪ್ರಶ್ನೆ, ಎರಡು ನಿಮಿಷ. ಪಾರ್ಕಿಂಗ್ ಕೇಳಿದರು, ನೀರು ಕೇಳಿದರು, ಕೆಡವುವಾಗಿನ ಧೂಳಿನ ಬಗ್ಗೆ ಕೇಳಿದರು. ಬೆಳಕಿನ ವರದಿಯ ಪ್ರಕಾರ ಎತ್ತರ ತಗ್ಗಿಸಬೇಕಾಗಬಹುದು ಎಂದು ಸಭೆ ನಡೆಸುತ್ತಿದ್ದ ಅಧಿಕಾರಿಣಿ ಹೇಳಿದಾಗ ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಮೈಕ್ ಮಾವ ಎದ್ದರು.

ಮೈಕ್ ಮಾವ ನಮ್ಮ ಕಟ್ಟಡದ ಸಂಘದ ಅಧ್ಯಕ್ಷರು. ಸಿಕ್ಕ ಮೈಕನ್ನು ಬಿಟ್ಟವರಲ್ಲ, ಹಾಗಾಗಿ ಆ ಹೆಸರು. ಮನಸ್ಸು ಕೆಟ್ಟದ್ದಲ್ಲ, ಎದುರಿನವರಿಗೆ ಹದಿನಾಲ್ಕು ಮಹಡಿ ಸಿಕ್ಕರೆ ನಾಳೆ ನಮಗೂ ಸಿಗುತ್ತದೆ ಎಂಬ ಆಸೆ. ಅವರು ವರದಿಯ ಕೊನೆಯ ಪುಟ ತೆರೆದು, ಸರ್ವೇಯರ್ ಯಾವ ಮನೆಗೆ ಯಾವ ದಿನ ಹೋಗಿದ್ದರೆಂಬ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಎಲ್ಲ ಮನೆಗೂ ಒಂದೊಂದು ದಿನಾಂಕ. ಮೂರನೇ ಮಹಡಿಯ ರಫು ಅಕ್ಕನ ಮನೆಗೆ ಏಳು.

"ಏಳು ಸಲ ಅಳೆದಿದ್ದಾರೆ, ಸ್ವಾಮಿ. ಅದೇನು ಕಿಟಕಿನೋ, ಅರಮನೇನೋ? ಬೇಕಾದ ಅಂಕಿ ಬರೋವರೆಗೂ ಅಳೆದ್ರಾ ಅಂತ ನನ್ನ ಪ್ರಶ್ನೆ."

ಹಾಲಿನಲ್ಲಿ ಗುಸುಗುಸು ಎದ್ದಿತು. ಎಲ್ಲ ಮನೆಗೂ ಒಂದೇ ಸಲ ಎಂದು ನನಗೆ ಗೊತ್ತಾದದ್ದು ಆಗಲೇ. ಮೋಡ ಒಂದು ನೆವ ಎಂದು ಗೊತ್ತಿತ್ತು, ಆದರೂ ಒಂದೆರಡು ಮನೆಗಾದರೂ ಮತ್ತೆ ಹೋಗಿರುತ್ತಾನೆ ಎಂದುಕೊಂಡಿದ್ದೆ. ಅಧಿಕಾರಿಣಿ ಅವನನ್ನು ಕರೆದು, ಉಳಿದ ಆರು ಸಲದ ಕಾರಣವನ್ನು ಪಟ್ಟಿಯಲ್ಲಿ ಬರೆದಿಲ್ಲವೇಕೆ ಎಂದು ಕೇಳಿದರು. ಅವನು ಮೋಡ ಎಂದರೆ ಸಾಕಿತ್ತು. ಆ ಒಂದು ಪದಕ್ಕೆ ಅವನ ಕೆಲಸವೂ ಉಳಿಯುತ್ತಿತ್ತು, ನನ್ನ ಬೆಳಕೂ ಉಳಿಯುತ್ತಿತ್ತು. ಹೇಳು, ಮೋಡ ಅಂತ ಹೇಳು ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಅವನು ಪೆನ್ನಿನ ಕ್ಯಾಪನ್ನು ಹಾಕಿದ, ತೆಗೆದ, ಮತ್ತೆ ಹಾಕಿದ.

"ಅಳೆಯೋಕೆ ಒಂದೇ ಸಲ ಸಾಕಿತ್ತು, ಮೇಡಂ. ಅವರ ಹತ್ರ ಮೋಡ ಅಂತ ಬಾಯಲ್ಲಿ ಸುಳ್ಳು ಹೇಳಿದ್ದೆ. ಬರೆಯೋಕೆ ಆಗ್ಲಿಲ್ಲ. ಆ ಮನೆಗೆ ಹೋಗ್ಬೇಕು ಅನ್ನಿಸ್ತಿತ್ತು, ಹೋಗ್ತಿದ್ದೆ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಜೊತೆಗೆ ಅದರ ಅಡಿಯಲ್ಲೇ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಂತೋಷವೂ ಇತ್ತು. ನಲವತ್ತಾರು ವರ್ಷ ಯಾರ ಕಣ್ಣಿಗೂ ಬೀಳದೆ ಬದುಕಿದವಳ ಮನೆಗೆ ಒಬ್ಬ ಬೇಕೆಂದೇ ಬಂದಿದ್ದ, ಮತ್ತು ಅದನ್ನು ಇಷ್ಟು ಜನರ ಮುಂದೆ ಒಪ್ಪಿಕೊಂಡಿದ್ದ. ಆದರೆ ಅಧಿಕಾರಿಣಿಯ ಮುಖ ಬಿಗಿದುಕೊಂಡಿತು. ಹಾಗಾದರೆ ಈ ಮನೆಯ ಅಳತೆಯನ್ನು ನಂಬುವಂತಿಲ್ಲ, ವರದಿಯಿಂದ ಕೈಬಿಡಬೇಕಾಗುತ್ತದೆ ಎಂದರು.

ನಾನು ಎದ್ದೆ. ಮೂವತ್ತೈದು ನಿಮಿಷದ ಬಗ್ಗೆ ಕೇಳಬೇಕೆಂದು ವಾರವಿಡೀ ಬಾಯಿಪಾಠ ಮಾಡಿದ್ದ ಪ್ರಶ್ನೆಯ ಚೀಟಿ ಕೈಯಲ್ಲಿತ್ತು. ಒಬ್ಬರಿಗೆ ಒಂದೇ. ಚೀಟಿಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದು ಬೇರೆಯದನ್ನು ಕೇಳಿದೆ.

"ಮೊದಲನೇ ದಿನ ಇವರಿಗೆ ನನ್ನ ಗುರುತೇ ಇರ್ಲಿಲ್ಲ. ಅವತ್ತು ಬೆಳಕಿಗೆ ಅಡ್ಡ ನಿಂತಿದ್ದೀರಿ ಅಂತ ನಾನು ಇವರಿಗೆ ಚೆನ್ನಾಗಿ ಬೈದಿದ್ದೆ. ಬೈಸ್ಕೊಂಡು ಅಳೆದ ಅಂಕಿಲಿ ಪಕ್ಷಪಾತ ಎಲ್ಲಿಂದ ಬರುತ್ತೆ? ಅದನ್ನ ಇಟ್ಕೊಳ್ಳಿ. ಉಳಿದ ಆರನ್ನ ಹೊಡೆದು ಹಾಕಿ. ಅವು ನನ್ನವು. ಸಭೆಗೆ ಸೇರಿದ್ದಲ್ಲ."

ಮೈಕ್ ಮಾವ ಮೊದಲ ಸಲ ಮೈಕನ್ನು ತಾವಾಗಿಯೇ ಕೆಳಗಿಟ್ಟರು. ಅಧಿಕಾರಿಣಿ ಪುಟ ತಿರುವಿ ಮೊದಲ ದಿನದ ಅಂಕಿಯನ್ನೂ ವರದಿಯಲ್ಲಿ ಬಳಸಿದ ಅಂಕಿಯನ್ನೂ ಹೋಲಿಸಿದರು. ಎರಡೂ ಒಂದೇ ಆಗಿದ್ದವು. ಮೊದಲನೆಯದನ್ನು ಉಳಿಸಿ ಆರಕ್ಕೆ ಗೀಟು ಹಾಕಿದರು. ಸರ್ವೇಯರನ್ನು ಈ ಕೆಲಸದಿಂದ ತೆಗೆಯಲಾಗಿದೆ, ತೀರ್ಮಾನ ಬರುವ ತನಕ ಆ ಮನೆಗೆ ಹೋಗುವಂತಿಲ್ಲ ಎಂದು ಬರೆಸಿದರು. ಅವನು ಹಾಲಿನ ಬಾಗಿಲು ದಾಟುವಾಗ ಒಮ್ಮೆ ತಿರುಗಿದ. ನನಗೂ ಅವನಿಗೂ ನಡುವೆ ಇಪ್ಪತ್ತು ಸಾಲು ಕುರ್ಚಿಗಳಿದ್ದವು.

ತೀರ್ಮಾನಕ್ಕೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಹೇಗಿದ್ದವೆಂದು ಹೇಳುವುದು ಕಷ್ಟ. ಮೊದಲು ಒಂಟಿತನ ಅಭ್ಯಾಸವಾಗಿತ್ತು. ಈಗ ಅದಕ್ಕೊಂದು ವಾರ ಇತ್ತು, ಸಮಯ ಇತ್ತು. ಅವನು ಬರುತ್ತಿದ್ದ ಮಂಗಳವಾರ ಹನ್ನೊಂದಕ್ಕೆ ಎರಡು ಲೋಟ ಕೆಳಗಿಳಿಸುತ್ತಿದ್ದೆ, ಒಂದನ್ನು ಮತ್ತೆ ಮೇಲಿಡುತ್ತಿದ್ದೆ. ಮೆಟ್ಟಿಲ ಮೇಲಿನ ಪ್ರತಿ ಹೆಜ್ಜೆಗೂ ಕಿವಿ ನೆಟ್ಟಗಾಗುತ್ತಿತ್ತು. ಬರುತ್ತಿದ್ದದ್ದು ಹರಿದ ಜೇಬುಗಳು, ಸುಟ್ಟ ಕಾಲರುಗಳು. ಮೈಕ್ ಮಾವ ಕೂಡ ಒಂದು ದಿನ ಕೋಟು ತಂದುಕೊಟ್ಟು, ಇನ್ನೇನೋ ಹೇಳಲು ಬಾಯಿ ತೆರೆದು, ಕೆಮ್ಮಿ ಹೋದರು.

ಆದೇಶ ಬಂತು. ವಲಯ ಬದಲಾಗುತ್ತದೆ, ಆದರೆ ಹದಿನಾಲ್ಕರ ಬದಲು ಒಂಬತ್ತು ಮಹಡಿ, ಅದೂ ರಸ್ತೆಯಿಂದ ಹಿಂದೆ ಸರಿದು. ನನ್ನ ಕಿಟಕಿಗೆ ಎರಡು ಗಂಟೆ ಉಳಿಯುತ್ತದೆ, ಹನ್ನೊಂದರಿಂದ ಒಂದು. ಅರ್ಧ ಹೋಯಿತು, ಅರ್ಧ ಉಳಿಯಿತು. ನಾನು ಆ ಕಾಗದವನ್ನು ಚಿಕ್ಕಮ್ಮನ ಕುರ್ಚಿಯ ಮೇಲಿಟ್ಟು ಸ್ವಲ್ಪ ಅತ್ತೆ.

ಮರುದಿನ ಹನ್ನೊಂದಕ್ಕೆ ಬಾಗಿಲು ತಟ್ಟಿದ ಸದ್ದು. ಈ ಸಲ ಮೊದಲು ನೋಡಿದ್ದು ಮುಖವನ್ನೇ. ತೆಳ್ಳಗಾಗಿದ್ದ. ಕೊರಳಲ್ಲಿ ಚೀಟಿ ಇರಲಿಲ್ಲ, ಕೈಯಲ್ಲಿ ಮೀಟರ್ ಇರಲಿಲ್ಲ. ಈಗ ಫುಟ್‌ಪಾತ್ ಅಳೆಯುವ ಕೆಲಸಕ್ಕೆ ಹಾಕಿದ್ದಾರೆ ಎಂದ. ಕಾರಣವಿಲ್ಲದೆ ಬಂದು ಅಭ್ಯಾಸವಿಲ್ಲದವನಾದ್ದರಿಂದ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ.

"ಸ್ವೆಟರ್ ಆಯ್ತಾ?"

ಸ್ವೆಟರ್ ಅವನು ಕೊಟ್ಟ ಮಾರನೇ ದಿನವೇ ಆಗಿತ್ತು. ತೂತು ಎಲ್ಲಿತ್ತೆಂದು ಈಗ ನನಗೂ ಹುಡುಕಲಾಗದು. ಅದು ನನ್ನ ದಿಂಬಿನ ಪಕ್ಕದಲ್ಲಿತ್ತು.

"ಎಲ್ಲಿ ಆಗುತ್ತೆ?" ಎಂದೆ. "ಬಣ್ಣ ಕೂಡಿಸೋಕೆ ಬಿಸಿಲು ಬೇಕು. ಮೂರು ತಿಂಗಳಿಂದ ಬರೀ ಮೋಡ."

ಅವನು ಕಿಟಕಿಯ ಕಡೆ ನೋಡಿದ. ಬಿಸಿಲು ನೆಲ ತುಂಬಿ, ಗೋಡೆ ಹತ್ತಿ, ಅವನ ಮುಖದ ಮೇಲೂ ಬಿದ್ದಿತ್ತು. ತುಟಿಯ ಒಂದು ಕೊನೆ ನಕ್ಕಿತು, ಆಮೇಲೆ ಇನ್ನೊಂದು.

"ಹೌದು," ಎಂದ. "ವಿಪರೀತ ಮೋಡ. ಎಷ್ಟು ದಿನ ಹಿಡಿಯುತ್ತೋ, ಕಾಯ್ತೀನಿ."

ಅವನು ಒಳಗೆ ಬಂದ. ಚಿಕ್ಕಮ್ಮನ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದು, ಸರಿಯಾಗಿ ಕಿಟಕಿಗೆ ಅಡ್ಡವಾಗಿ ಕೂತ. ಅವನ ನೆರಳು ನನ್ನ ಮಡಿಲಿನ ಬಟ್ಟೆಯ ಮೇಲೆ ಬಿತ್ತು, ಕಪ್ಪು ಯಾವುದು, ಕಡುನೀಲಿ ಯಾವುದು ಎಂದು ಕಾಣದಂತಾಯಿತು. ಸರಿಯಿರಿ ಎಂದು ನಾನು ಹೇಳಲಿಲ್ಲ.