ಪ್ಲಾಸ್ಟಿಕ್ ಹೊದ್ದ ಪರ್ಮಿಟ್ಟು

ಎರಡು ವಿಮಾನದ ಟಿಕೆಟ್ಟಿಗೆ ಎಂಬತ್ತೆರಡು ಸಾವಿರ. ಎರಡು ಪರ್ಮಿಟ್ಟಿಗೆ ಹನ್ನೊಂದು ಸಾವಿರ. ಪರ್ಮಿಟ್ಟಿನ ಫೋಟೋಗೆ ನೂರಿಪ್ಪತ್ತು. ಲ್ಯಾಮಿನೇಶನ್ ಮಾತ್ರ ಪುಕ್ಕಟೆ.

“ಸ್ವಂತ ಅಂಗಡಿ ಇದ್ರೆ ಇದೇ ನೋಡು ಲಾಭ,” ಎನ್ನುತ್ತ ಅಪ್ಪ ಮಷಿನ್ನಿನ ಸ್ವಿಚ್ ಒತ್ತಿದ.

ಅಪ್ಪನದು ಜೆರಾಕ್ಸ್ ಅಂಗಡಿ. ಯಾರ ಕೈಯಲ್ಲಿ ಕಾಗದ ಕಂಡರೂ ಅವನಿಗೆ ಕೈ ತುರಿಸುತ್ತಿತ್ತು. ಮಗಳು ಪುಟ್ಟಿಯ ಟೈಮ್‌ಟೇಬಲ್ಲಿಗೆ ಪ್ಲಾಸ್ಟಿಕ್ ಹೊದಿಸಿದ್ದ. ಮಿಕ್ಸಿಯ ಗ್ಯಾರಂಟಿ ಕಾರ್ಡಿಗೂ ಹೊದಿಸಿದ್ದ, ಅದೂ ಗ್ಯಾರಂಟಿ ಮುಗಿದ ಮೇಲೆ. ಒಮ್ಮೆ ಒಂದು ಬಸ್ ಟಿಕೆಟ್ಟಿಗೂ ಹೊದಿಸಿದ್ದ. ಯಾಕೆ ಎಂದು ಕೇಳಿದರೆ, “ಇರ್ಲಿ, ಸೇಫ್ಟಿ,” ಎನ್ನುತ್ತಿದ್ದ.

ನಾಳೆ ಬೆಳಿಗ್ಗೆ ಅಪ್ಪನಿಗೂ ಪುಟ್ಟಿಗೂ ವಿಮಾನ. ಪುಟ್ಟಿಯ ಅಮ್ಮ ಬೇರೆ ದೇಶದಲ್ಲಿ, ಒಂದು ಕನ್ನಡಕದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹೋಗಿ ಎರಡು ವರ್ಷವಾಗಿತ್ತು. ನಾಳೆಯಿಂದ ಅವಳಿಗೆ ಹದಿನಾಲ್ಕು ದಿನ ರಜೆ. ಆ ರಜೆಯನ್ನು ಹಿಂದೆ ಮುಂದೆ ಮಾಡುವ ಹಾಗಿರಲಿಲ್ಲ. ಅಮ್ಮನನ್ನು ಕಂಡ ಕೂಡಲೇ ಬೆನ್ನಿಗೆ ಬೆನ್ನು ತಾಗಿಸಿ ಎತ್ತರ ನೋಡಬೇಕು ಎಂದು ಪುಟ್ಟಿ ಕಾದಿದ್ದಳು. ಫೋನಿನಲ್ಲಿ ಎತ್ತರ ಗೊತ್ತಾಗುವುದಿಲ್ಲವಲ್ಲ!

“ತಡಿ ಅಪ್ಪಾ, ಹಿಂದೆ ಏನೋ ಸಣ್ಣಕ್ಷರದಲ್ಲಿ ಬರ್ದಿದಾರೆ. ಓದ್ತೀನಿ.”

“ಹಿಂದೆ ಬರ್ದಿರೋದನ್ನ ಯಾರೇ ಓದ್ತಾರೆ? ಹೋದ ವರ್ಷ ಮೂಲೆ ಮನೆ ಮೇಷ್ಟ್ರ ವೀಸಾನ ನಾನೇ ಲ್ಯಾಮಿನೇಟ್ ಮಾಡಿಕೊಟ್ಟಿದ್ದು. ಜುಮ್ಮಂತ ಹೋಗಿ ಬಂದ್ರು.”

“ಅವರು ಹೋಗಿದ್ದು ಬೇರೆ ದೇಶ ಅಲ್ವಾ?”

“ದೇಶ ಬೇರೆ ಆದ್ರೆ ಕಾಗದಾನೂ ಬೇರೆ ಆಗುತ್ತಾ? ನಿಂಗೆ ಹತ್ತು ವರ್ಷ, ನನ್ನ ಮಷಿನ್ನಿಗೆ ಹನ್ನೆರಡು. ಅದರ ಸರ್ವೀಸೇ ನಿನ್ನ ವಯಸ್ಸಿಗಿಂತ ಹೆಚ್ಚು.”

ಮಷಿನ್ನು ಎರಡೂ ಪರ್ಮಿಟ್ಟುಗಳನ್ನು ನುಂಗಿ ಆಚೆ ಕಡೆ ಉಗುಳಿತು. ಎರಡೂ ಫಳಫಳ ಹೊಳೆಯುತ್ತಿದ್ದವು. ಪುಟ್ಟಿ ತನ್ನದನ್ನು ತಿರುಗಿಸಿ ಗಟ್ಟಿಯಾಗಿ ಓದಿದಳು.

“ಈ ಕಾಗದವೇ ನಿಮ್ಮ ಅನುಮತಿ. ಗಡಿಯಲ್ಲಿ ಕೆಳಗಿನ ಚೌಕದೊಳಗೆ ಸೀಲು ಒತ್ತುತ್ತಾರೆ. ಪ್ಲಾಸ್ಟಿಕ್ ಹೊದಿಸಬೇಡಿ.”

ಅಪ್ಪ ಡ್ರಾಯರ್ ಎಳೆದು ಹುಡುಕಿದ. ಆಮೇಲೆ, “ಪ್ಲಾಸ್ಟಿಕ್ ಮೇಲೂ ಸೀಲು ಬೀಳುತ್ತೆ, ನೋಡ್ತಿರು,” ಎಂದು ಅಂಗಡಿಯ ರಬ್ಬರ್ ಸೀಲನ್ನು ಮಿಕ್ಸಿಯ ಗ್ಯಾರಂಟಿ ಕಾರ್ಡಿನ ಮೇಲೆ ಒತ್ತಿದ. ಸೀಲು ಚೆನ್ನಾಗಿಯೇ ಬಿತ್ತು.

ಪುಟ್ಟಿ ಒಂದು ಬೆರಳಿನಿಂದ ಒರೆಸಿದಳು. ಸೀಲು ಅಳಿಸಿಹೋಯಿತು.

“ಹಾಗಾದ್ರೆ ಬಿಡಿಸೋಣ. ಬಿಸಿ ಮಾಡಿದ್ರೆ ತಾನಾಗೇ ಬಿಡುತ್ತೆ.” ಅಪ್ಪ ಇಸ್ತ್ರಿಪೆಟ್ಟಿಗೆ ತಂದು ತನ್ನ ಪರ್ಮಿಟ್ಟಿನ ಮೇಲಿಟ್ಟ. ಪ್ಲಾಸ್ಟಿಕ್ಕೇನೋ ಬಿಟ್ಟಿತು, ಆದರೆ ಬರಿಗೈಯಲ್ಲಿ ಬರಲಿಲ್ಲ. ಅಪ್ಪನ ಹೆಸರಿನ ಅರ್ಧ, ನಂಬರು ಪೂರ್ತಿ, ಫೋಟೋದ ಮೀಸೆ, ಎಲ್ಲವನ್ನೂ ಕಿತ್ತುಕೊಂಡು ಬಂತು.

“ನಿಂದು ಕೊಡು. ಈ ಸಲ ಹುಷಾರಾಗಿ...”

“ಕೊಡಲ್ಲ!” ಪುಟ್ಟಿ ತನ್ನ ಪರ್ಮಿಟ್ಟನ್ನು ಫ್ರಾಕಿನೊಳಗೆ ತುರುಕಿಕೊಂಡು ರಸ್ತೆಗೆ ಓಡಿದಳು.

ಪರ್ಮಿಟ್ ಕೊಡುವ ಆಫೀಸು ಎರಡು ಬಸ್‌ಸ್ಟಾಪಿನಾಚೆ ಇತ್ತು. ಇಬ್ಬರೂ ಅಲ್ಲಿಗೆ ಹೋದರು. ಕೌಂಟರಿನ ಹೆಂಗಸು ಅಪ್ಪನ ಪರ್ಮಿಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಮೀಸೆ ಎಲ್ರೀ?”

“ಪ್ಲಾಸ್ಟಿಕ್ಕಿನ ಜೊತೆ ಹೋಯ್ತು ಮೇಡಂ. ಮೊದ್ಲೇ ಹೇಳ್ಬೇಕಿತ್ತಲ್ವಾ ನೀವು? ಮೇಷ್ಟ್ರದ್ದು ಲ್ಯಾಮಿನೇಟ್ ಮಾಡ್ದಾಗ ಏನೂ ಆಗ್ಲಿಲ್ಲ.”

“ಅವರದ್ದು ಇ-ವೀಸಾ ಇರ್ಬೇಕು. ಅದು ಆ ದೇಶದ ಕಂಪ್ಯೂಟರಲ್ಲಿ ಇರುತ್ತೆ. ಕೈಯಲ್ಲಿರೋದು ಬರೀ ಪ್ರಿಂಟು. ಅದಕ್ಕೆ ಜರಿ ಅಂಚು ಹೊಲಿಸಿದ್ರೂ ಯಾರೂ ಕೇಳಲ್ಲ. ಇನ್ನು ಕೆಲವು ದೇಶದವರು ಪಾಸ್‌ಪೋರ್ಟಿನ ಒಳಗೇ ವೀಸಾ ಸ್ಟಿಕರ್ ಅಂಟಿಸ್ತಾರೆ. ನಿಮ್ಮದು ಈ ಎರಡೂ ಅಲ್ಲ. ಈ ಕಾಗದಾನೇ ಅಸಲಿ. ಇದರ ಮೇಲೆ ಸೀಲು ಬಿದ್ರೇನೇ ಒಳಗೆ ಬಿಡೋದು.”

“ಮಗಳದ್ದು ಚೆನ್ನಾಗೇ ಇದೆಯಲ್ಲ ಮೇಡಂ?”

“ಬಹಳ ಚೆನ್ನಾಗಿದೆ. ಮಳೆ, ಗಾಳಿ, ಇರುವೆ ಏನೂ ಮಾಡಲ್ಲ. ಗಡಿ ದಾಟೋಕೆ ಮಾತ್ರ ಆಗಲ್ಲ.”

ಸಾಲಿನಲ್ಲಿದ್ದವರು ನಕ್ಕರು. ಅಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ ನಿಂತ.

ಆ ಹೆಂಗಸು ಪುಟ್ಟಿಯ ಪರ್ಮಿಟ್ಟಿನ ಮೇಲಿದ್ದ ನಂಬರನ್ನು ಕಂಪ್ಯೂಟರಿಗೆ ಹೊಡೆದರು. “ನಿಮ್ಮಿಬ್ಬರದ್ದೂ ಒಂದೇ ಅರ್ಜಿ. ಈ ನಂಬರ್ ಉಳಿದಿದ್ದಕ್ಕೆ ಬಚಾವು, ಒಂಬತ್ತು ದಿನದಲ್ಲಿ ಹೊಸದು ಬರುತ್ತೆ. ಇದೂ ಹೋಗಿದ್ರೆ ಮೊದಲಿಂದ ಅರ್ಜಿ, ಒಂದು ತಿಂಗಳು. ಫೀಸು ಮತ್ತೆ ಕಟ್ಟಬೇಕು.”

“ಒಂಬತ್ತು ದಿನವಾ?” ಎಂದಳು ಪುಟ್ಟಿ.

“ಹೂಂ ಕಣಮ್ಮಾ. ಅದಕ್ಕಿಂತ ಬೇಗ ನನ್ನ ಕೈಲೂ ಆಗಲ್ಲ.”

ಹೊರಗೆ ಮೆಟ್ಟಿಲ ಮೇಲೆ ಕೂತು ಅಪ್ಪ ಅಮ್ಮನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ.

“ಈ ಆಫೀಸ್ನೋರು ಏನೋ ಗಡಿಬಿಡಿ ಮಾಡಿಟ್ಟಿದಾರೆ ಕಣೇ. ಹೊಸ ಪರ್ಮಿಟ್ಟಿಗೆ ಒಂಬತ್ತು ದಿನ ಬೇಕಂತೆ. ಟಿಕೆಟ್ಟೂ ಮುಂದಕ್ಕೆ ಹಾಕಿಸ್ಬೇಕು. ಎಂಥಾ ಜನಾನೋ!”

ಆ ಕಡೆಯಿಂದ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ರೀ, ಲ್ಯಾಮಿನೇಟ್ ಮಾಡಿದ್ರಾ?”

ಪುಟ್ಟಿ ಪಕ್ಕನೆ ನಕ್ಕುಬಿಟ್ಟಳು. ಅಮ್ಮನೂ ನಕ್ಕಳು. ಆದರೆ ಅಮ್ಮನ ನಗು ಅರ್ಧಕ್ಕೇ ನಿಂತಿತು. ಮೂಗು ಎಳೆದುಕೊಂಡ ಸದ್ದು ಕೇಳಿಸಿತು.

“ಹೂಂ, ನಾನೇ ಮಾಡಿದ್ದು,” ಎಂದ ಅಪ್ಪ. “ಪುಟ್ಟಿ ತಡಿ ಅಂದ್ಲು. ನಾನು ಕೇಳ್ಲಿಲ್ಲ.”

ಅಪ್ಪ ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಪುಟ್ಟಿ ಯಾವತ್ತೂ ಕೇಳಿರಲಿಲ್ಲ. ಅವನಿಗೆ ಅನ್ನಲೆಂದು ಖಾರದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ. ಅವನ ಪಕ್ಕಕ್ಕೆ ಸರಿದು ಕೂತಳು.

ಹದಿನಾಲ್ಕು ದಿನದಲ್ಲಿ ಒಂಬತ್ತು ಹೋದವು. ಅಮ್ಮನ ಜೊತೆ ಇರುವುದಕ್ಕೆ ಉಳಿದದ್ದು ಐದು.